ಹಳೆಯ ರಥಕ್ಕೆ ಹೊಸ ಕಡಿವಾಣ

ತೇರಿನ ಹಬ್ಬವನ್ನು ನೋಡದವರು ನಮ್ಮಲ್ಲಿ ವಿರಳ. ಹಗ್ಗಕ್ಕೆ ಕೈಹಚ್ಚಿದ ನೂರಾರು ಜನರ ಮೇಲೆಯೇ ಎಲ್ಲರ ಕಣ್ಣು, ಜಯಘೋಷವೂ ಅವರಿಗೇ. ಆದರೆ ಗಾಲಿಯ ಪಕ್ಕದಲ್ಲಿ ಬಗ್ಗಿಕೊಂಡು, ಮರದ ಅಡೆಯೊಂದನ್ನು ಕೈಯಲ್ಲಿ ಹಿಡಿದು, ಗಾಲಿಯೊಡನೆಯೇ ಹೆಜ್ಜೆ ಹಾಕುವ ಇಬ್ಬರು ಮೂವರನ್ನು ತಾವು ಗಮನಿಸಿರಬಹುದು. ತೇರು ಓರೆಯಾದರೆ ಒಂದು ಗಾಲಿಗೆ ಅಡೆಯಿಟ್ಟು ಅದರ ಮೋರೆಯನ್ನು ತಿರುಗಿಸುವವರು ಅವರು. ಇಳಿಜಾರಿನಲ್ಲಿ ಅದು ನುಗ್ಗಿದರೆ ತಡೆದು ನಿಲ್ಲಿಸುವವರೂ ಅವರೇ. ಎಳೆಯುವವರು ಹತ್ತು ಮಂದಿ ಹೆಚ್ಚಾದರೆ ಉತ್ಸವಕ್ಕೆ ಕಳೆ. ಅಡೆಯಿಡುವವನ ಕೈ ಒಂದು ಗಳಿಗೆ ತಪ್ಪಿದರೆ ಅನಾಹುತ.

ಈ ಮಾತನ್ನು ನನಗೆ ಇನ್ನೊಂದು ರೀತಿಯಲ್ಲಿ ಮನಗಾಣಿಸಿದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಅವನು ಈಗ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಎಂಜಿನಿಯರಾಗಿದ್ದಾನೆ. ಕೆಲವು ವರ್ಷಗಳ ಹಿಂದೆ ೧೯೩೨ನೆಯ ಇಸವಿಯ ಫೋರ್ಡ್ ಕಾರೊಂದನ್ನು ಕೊಂಡ. ಮೂಲದ ಎಂಜಿನನ್ನು ತೆಗೆದು ಬಲವಾದ ಬೇರೊಂದನ್ನು ಯಾರೋ ಎಂದೋ ಕೂರಿಸಿದ್ದರು. "ಮೇಷ್ಟ್ರೆ, ಇದಕ್ಕೆ ೩೦೦ ಕುದುರೆಗಳ ಬಲವಿದೆ" ಎಂದು ಹಿಗ್ಗಿನಿಂದ ಬರೆದಿದ್ದ.

ಆರು ತಿಂಗಳ ಮೇಲೆ ಇನ್ನೊಂದು ಕಾಗದ ಬಂತು. ಅದರಲ್ಲಿ ಹಿಗ್ಗಿರಲಿಲ್ಲ. ಏಳು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುಡ್ಡದ ರಸ್ತೆಯನ್ನು ಇಳಿಯುತ್ತಿದ್ದಾಗ ಬ್ರೇಕಿನ ಪೆಡಲು ಒಮ್ಮೆಗೇ ಮೆತ್ತಗಾಗಿ ನೆಲಕ್ಕೆ ಹತ್ತಿತಂತೆ. ಮುಂಗಾಲಿಯೊಂದರ ರಬ್ಬರು ಕೊಳವೆ ಒಡೆದು ಬ್ರೇಕ್ ಆಯಿಲ್ ಎಲ್ಲ ಸೋರಿಹೋಗಿತ್ತು. ಗೇರನ್ನು ಇಳಿಸಿ, ಕೈಬ್ರೇಕನ್ನು ಸೆಳೆದು, ರಸ್ತೆಯಂಚಿನ ಮಣ್ಣು ದಿಬ್ಬಕ್ಕೆ ಗಾಲಿಗಳನ್ನು ಉಜ್ಜಿಸಿ ಹೇಗೋ ನಿಲ್ಲಿಸಿದ. ದೇವರು ದೊಡ್ಡವನು, ಮಗುವಿಗೆ ಏನೂ ಆಗಲಿಲ್ಲ. ಅವಳು ಅದನ್ನು ಆಟವೆಂದೇ ತಿಳಿದು "ಅಪ್ಪ, ಇನ್ನೊಂದು ಸಲ" ಎಂದಳಂತೆ. ಅಪ್ಪನ ಕೈ ಮಾತ್ರ ಆ ರಾತ್ರಿಯೆಲ್ಲ ನಡುಗುತ್ತಿತ್ತು.

ಅನಂತರ ಅವನು ಎರಡು ಚಳಿಗಾಲ ಆ ಕಾರಿನ ಕೆಳಗೆ ಮಲಗಿ ಅದರ ಬ್ರೇಕು, ಸ್ಟಿಯರಿಂಗು, ಸ್ಪ್ರಿಂಗುಗಳನ್ನೆಲ್ಲ ಹೊಸದಾಗಿ ಅಳವಡಿಸಿದ. ಊರಿಗೆ ಬಂದಾಗ ನಮ್ಮ ಮನೆಯ ಜಗಲಿಯ ಮೇಲೆ ಕುಳಿತು, ನನ್ನ ಮೊಮ್ಮಗನ ಕೈವಾರವನ್ನು ಹಿಡಿದು, ಮಾಡಿದ್ದೆಲ್ಲವನ್ನೂ ವಿವರಿಸಿದ. ನಾನು ಕನ್ನಡ ಪಂಡಿತ. ಯಂತ್ರಶಾಸ್ತ್ರಕ್ಕೂ ನನಗೂ ಬೀಗತನವಿಲ್ಲ. ಆದರೂ ಕೇಳುತ್ತ ಕೇಳುತ್ತ ಇದು ಮೋಟಾರಿನ ಮಾತಷ್ಟೇ ಅಲ್ಲವೆಂದು ತೋರಿತು. ನಾನು ತಿಳಿದುಕೊಂಡುದನ್ನು, ತಿಳಿದ ಕ್ರಮದಲ್ಲಿಯೇ, ತಮ್ಮ ಮುಂದೆ ಇಡುತ್ತೇನೆ.

ಹಾಟ್ ರಾಡ್ ಎಂದರೇನು?

೧೯೩೨ರಲ್ಲಿ ಹೆನ್ರಿ ಫೋರ್ಡ್ ಎಂಟು ಸಿಲಿಂಡರುಗಳ ಕಾರೊಂದನ್ನು ಸಾಮಾನ್ಯ ಜನರು ಕೊಳ್ಳಬಹುದಾದ ಬೆಲೆಗೆ ಮಾರಾಟಕ್ಕಿಟ್ಟ. ಸಿಲಿಂಡರುಗಳು ಎರಡು ಸಾಲಾಗಿ, ಇಂಗ್ಲಿಷಿನ 'ವಿ' ಅಕ್ಷರದ ಆಕಾರದಲ್ಲಿ ನಿಂತಿದ್ದುದರಿಂದ ಅದಕ್ಕೆ ವಿ-೮ ಎಂದು ಹೆಸರು. ಅದರ ಬಲ ೬೫ ಕುದುರೆಗಳದು. ಅಲ್ಲಿಯವರೆಗೆ ಎಂಟು ಸಿಲಿಂಡರುಗಳ ಕಾರು ಹೆಚ್ಚಾಗಿ ಸಿರಿವಂತರ ಸೊತ್ತು. ಕೆಲವು ವರ್ಷಗಳಲ್ಲಿ ಈ ಕಾರುಗಳು ಹಳೆಯವಾಗಿ ಕೈಗೆಟಕುವ ಬೆಲೆಗೆ ಇಳಿದಾಗ ದಕ್ಷಿಣ ಕ್ಯಾಲಿಫೋರ್ನಿಯದ ತರುಣರು ಅವುಗಳನ್ನು ಕೊಂಡು, ಭಾರ ಇಳಿಸಲೆಂದು ಮಡ್‌ಗಾರ್ಡುಗಳನ್ನು ಕಳಚಿ, ಎಂಜಿನಿನ ಬಲವನ್ನು ಹೆಚ್ಚಿಸಿ, ಮೊಹಾವಿ ಮರುಭೂಮಿಯ ಮುರಾಕ್, ಎಲ್ ಮಿರಾಜ್ ಎಂಬ ಬತ್ತಿದ ಕೆರೆಗಳ ಅಂಗಳದಲ್ಲಿ ವೇಗದ ಪರೀಕ್ಷೆ ನಡೆಸತೊಡಗಿದರು. ಹೀಗೆ ಬಲ ತುಂಬಿಸಿದ ಹಳೆಯ ಕಾರೇ ಹಾಟ್ ರಾಡ್. 'ರೋಡ್‌ಸ್ಟರ್' ಎಂಬ ತೆರೆದ ಕಾರಿನ ಹೆಸರು ಸವೆದು 'ರಾಡ್' ಆಯಿತೆಂದು ಕೆಲವರು, ಎಂಜಿನಿನೊಳಗಿನ ಕನೆಕ್ಟಿಂಗ್ ರಾಡಿನಿಂದ ಬಂತೆಂದು ಮತ್ತೆ ಕೆಲವರು ಅರ್ಥ ಹೇಳುತ್ತಾರೆ.

ವೇಗವನ್ನು ಅಳೆದು ದಾಖಲೆಯಿಡಲು ೧೯೩೭ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್ ಹುಟ್ಟಿತು. ಯುದ್ಧ ಮುಗಿದು ಸೈನಿಕರು ಮನೆಗೆ ಮರಳಿದ ಮೇಲೆ ಈ ಹುಚ್ಚು ಮತ್ತಷ್ಟು ಹಬ್ಬಿತು. ೧೯೪೮ರ ಜನವರಿಯಲ್ಲಿ 'ಹಾಟ್ ರಾಡ್' ಎಂಬ ಮಾಸಪತ್ರಿಕೆಯ ಮೊದಲ ಸಂಚಿಕೆ ಹೊರಬಂತು. ೧೯೪೯ರಲ್ಲಿ ಯೂಟಾ ಪ್ರಾಂತದ ಬಾನ್ವಿಲ್ ಎಂಬ ಉಪ್ಪಿನ ಬಯಲಿನಲ್ಲಿ ವೇಗದ ಸಪ್ತಾಹ ಮೊದಲಾಯಿತು. ಬೀದಿಗಳಲ್ಲಿ ನಡೆಯುತ್ತಿದ್ದ ಪಂದ್ಯಗಳನ್ನು ಸುರಕ್ಷಿತವಾದ ಅಂಗಳಕ್ಕೆ ಒಯ್ಯುವ ಉದ್ದೇಶದಿಂದ ವಾಲಿ ಪಾರ್ಕ್ಸ್ ೧೯೫೧ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನನ್ನು ಸ್ಥಾಪಿಸಿದ. ರೇಡಿಯೋ ಕೇಳುವ ತಮಗೆ ಇನ್ನೊಂದು ಸಂಗತಿ: ೧೯೬೩ರಲ್ಲಿ ಬೀಚ್ ಬಾಯ್ಸ್ ಎಂಬ ಗಾಯಕವೃಂದ ೧೯೩೨ರ ಫೋರ್ಡಿನ ಮೇಲೆ ಹಾಡನ್ನೇ ಕಟ್ಟಿ ಹಾಡಿತು.

ಇನ್ನು ತೊಡಕು ಎಲ್ಲಿದೆಯೆಂಬುದನ್ನು ನೋಡೋಣ. ೧೯೫೫ರಲ್ಲಿ ಷೆವ್ರೊಲೆ ಕಂಪನಿಯ ಹೊಸ ವಿ-೮ ಎಂಜಿನು ಬಂದಾಗ ಅದರ ಬಲ ೧೬೨ ಕುದುರೆ. ಆಮೇಲೆ ಅದೇ ವಂಶದಲ್ಲಿ ೩೦೦ ಕುದುರೆಯ ಎಂಜಿನುಗಳು ಸಾಮಾನ್ಯವಾದವು. ಗಾತ್ರ ಚಿಕ್ಕದು, ತೂಕ ಮಿತ, ಬೆಲೆ ಕಡಿಮೆ. ಅದನ್ನು ಹಳೆಯ ಫೋರ್ಡಿನಲ್ಲಿ ಕೂರಿಸದವನೇ ಇಲ್ಲವೆನ್ನಬೇಕು. ೬೫ ಕುದುರೆಗಳಿಗೆಂದು ಕಟ್ಟಿದ ರಥಕ್ಕೆ ಹೀಗೆ ೩೦೦ ಕುದುರೆಗಳನ್ನು ಹೂಡಿದಂತಾಯಿತು. ಲಗಾಮು ಮಾತ್ರ ೧೯೩೨ರದೇ! ಹಳೆಯ ರೇಡಿಯೋ ಪೆಟ್ಟಿಗೆಗೆ ಭಾರಿ ಆಂಪ್ಲಿಫೈಯರು ಸೇರಿಸಿದರೆ ಅದರ ಸ್ಪೀಕರಿನ ಕಾಗದ ಹರಿದೀತು; ನಷ್ಟ ಅಷ್ಟಕ್ಕೇ ನಿಂತೀತು. ಕಾರಿನಲ್ಲಿ ಹರಿಯುವುದು ಕಾಗದವಲ್ಲ.

ಮೊದಲು ನಿಲ್ಲುವುದನ್ನು ಕಲಿಯಬೇಕು

ಓಡುತ್ತಿರುವ ವಸ್ತುವಿನಲ್ಲಿ ಅಡಗಿರುವ ಶಕ್ತಿ ವೇಗದ ವರ್ಗಕ್ಕೆ ಅನುಸಾರವಾಗಿ ಬೆಳೆಯುತ್ತದೆಂದು ಮಕ್ಕಳು ಶಾಲೆಯಲ್ಲಿ ಬಾಯಿಪಾಠ ಮಾಡುತ್ತಾರೆ. ಹಾಗೆಂದರೇನು? ಗಂಟೆಗೆ ೩೦ ಮೈಲಿ ವೇಗದ ಕಾರಿಗಿಂತ ೬೦ ಮೈಲಿ ವೇಗದ ಕಾರಿನಲ್ಲಿ ನಾಲ್ಕು ಪಟ್ಟು ಶಕ್ತಿಯಿದೆ. ೯೦ ಮೈಲಿಯಲ್ಲಿ ಒಂಬತ್ತು ಪಟ್ಟು. ಒಳ್ಳೆಯ ಒಣರಸ್ತೆಯಲ್ಲಿ, ಬಿಗಿಯಾಗಿ ಬ್ರೇಕು ಹಿಡಿದ ಮೇಲೆ, ೩೦ ಮೈಲಿಯ ಕಾರು ಸುಮಾರು ೧೩ ಮೀಟರಿನಲ್ಲಿ ನಿಂತರೆ ೬೦ ಮೈಲಿಯದು ೫೨ ಮೀಟರು ಓಡಿಯೇ ನಿಲ್ಲುತ್ತದೆ. ಈ ಶಕ್ತಿಯೆಲ್ಲ ಎಲ್ಲಿಗೆ ಹೋಗಬೇಕು? ಬಿಸಿಯಾಗಿ ಹೊರಟುಹೋಗಬೇಕು. ಬ್ರೇಕೆಂದರೆ ಓಟವನ್ನು ಬಿಸಿಯಾಗಿ ಮಾರ್ಪಡಿಸುವ ಒಲೆ, ಅಷ್ಟೆ.

೧೯೩೨ರ ಫೋರ್ಡಿನಲ್ಲಿ ಪೆಡಲಿನಿಂದ ಗಾಲಿಯವರೆಗೆ ಉಕ್ಕಿನ ಸರಳುಗಳು ಹೋಗುತ್ತಿದ್ದವು. ನಾಲ್ಕು ಗಾಲಿಗಳ ಸರಳುಗಳೂ ಒಂದೇ ಬಿಗಿಯಲ್ಲಿ ಇರಬೇಕು. ಒಂದು ಸಡಿಲವಾದರೆ ಕಾರು ಇನ್ನೊಂದು ಪಕ್ಕಕ್ಕೆ ಎಳೆಯುತ್ತದೆ. ಎಣ್ಣೆಯ ಒತ್ತಡದಿಂದ ನಡೆಯುವ ಬ್ರೇಕನ್ನು ಡ್ಯೂಸೆನ್‌ಬರ್ಗ್ ಕಾರು ೧೯೨೧ರಲ್ಲೂ ಕ್ರೈಸ್ಲರ್ ಕಾರು ೧೯೨೪ರಲ್ಲೂ ತಂದಿದ್ದವು. ಹೆನ್ರಿ ಫೋರ್ಡನಿಗೆ ಕೊಳವೆಯೊಳಗಿನ ದ್ರವಕ್ಕಿಂತ ಉಕ್ಕಿನಲ್ಲಿಯೇ ನಂಬಿಕೆ. ಅವನ ಕಾರಿಗೆ ಎಣ್ಣೆಯ ಬ್ರೇಕು ಬಂದುದು ೧೯೩೯ರಲ್ಲಿ. ಆ ೧೯೩೯ರಿಂದ ೧೯೪೮ರವರೆಗಿನ ಫೋರ್ಡ್ ಬ್ರೇಕುಗಳು ಹಳೆಯ ಅಚ್ಚಿಗೂ ಹೊಂದುತ್ತಿದ್ದುದರಿಂದ ಹಾಟ್ ರಾಡ್ ಕಟ್ಟುವವರು ಮೊದಲು ಮಾಡುತ್ತಿದ್ದ ಸುಧಾರಣೆ ಅದೇ. ನನ್ನ ವಿದ್ಯಾರ್ಥಿಯ ಕಾರಿನಲ್ಲಿ ಇದ್ದುದೂ ಅದೇ.

ಎಣ್ಣೆಯ ಬ್ರೇಕಿನ ಗುಟ್ಟು ಫ್ರಾನ್ಸಿನ ಪಾಸ್ಕಲ್ ಎಂಬ ವಿದ್ವಾಂಸ ೧೭ನೆಯ ಶತಮಾನದಲ್ಲಿ ಕಂಡುಕೊಂಡ ನಿಯಮದಲ್ಲಿದೆ. ಮುಚ್ಚಿದ ಪಾತ್ರೆಯ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಲೆಕ್ಕ ಹಾಕಿ ನೋಡಿ. ತಾವು ಪೆಡಲನ್ನು ೩೦ ಕಿಲೋ ಬಲದಿಂದ ತುಳಿದಿರೆನ್ನೋಣ. ಪೆಡಲು ಒಂದು ಸನ್ನೆಕೋಲು. ಅದರ ಉದ್ದನೆಯ ತೋಳು ಗಿಡ್ಡ ತೋಳಿನ ಆರರಷ್ಟಿದ್ದರೆ ೩೦ ಕಿಲೋ ೧೮೦ ಕಿಲೋ ಆಗುತ್ತದೆ. ಅದು ಮಾಸ್ಟರ್ ಸಿಲಿಂಡರಿನ ೫ ಚದರ ಸೆಂಟಿಮೀಟರಿನ ಪಿಸ್ಟನ್ನನ್ನು ಒತ್ತಿದರೆ ಎಣ್ಣೆಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ೩೬ ಕಿಲೋ. ಗಾಲಿಯ ಬಳಿಯ ಪಿಸ್ಟನ್ನು ೨೦ ಚದರ ಸೆಂಟಿಮೀಟರು ಇದ್ದರೆ ಅಲ್ಲಿ ಹುಟ್ಟುವ ಬಲ ೭೨೦ ಕಿಲೋ! ಆದರೆ ಪ್ರಕೃತಿಯಲ್ಲಿ ಪುಕ್ಕಟೆ ಏನೂ ಇಲ್ಲ. ಬಲ ಹೆಚ್ಚಿದಷ್ಟೂ ಪಿಸ್ಟನ್ನು ಚಲಿಸುವ ದೂರ ಕಡಿಮೆಯಾಗುತ್ತದೆ, ಪೆಡಲು ಅಷ್ಟು ಹೆಚ್ಚು ಕೆಳಗಿಳಿಯಬೇಕಾಗುತ್ತದೆ. ಆದುದರಿಂದ ಬೇರೆ ಬೇರೆ ಕಾರುಗಳ ಬಿಡಿಭಾಗಗಳನ್ನು ಕಂಡಕಂಡಂತೆ ಕೂಡಿಸಿದರೆ ಪೆಡಲು ಒಂದೋ ಕಲ್ಲಿನಂತೆ ಗಡುಸಾಗುತ್ತದೆ, ಇಲ್ಲವೆ ನೆಲಕ್ಕೆ ತಾಗುತ್ತದೆ. ಲೆಕ್ಕವಿಲ್ಲದೆ ಬ್ರೇಕಿಲ್ಲ.

ಹಳೆಯ ಏರ್ಪಾಟಿನ ದೊಡ್ಡ ದೋಷ ಇಷ್ಟು: ನಾಲ್ಕು ಗಾಲಿಗಳಿಗೂ ಒಂದೇ ಸಿಲಿಂಡರು, ಒಂದೇ ಎಣ್ಣೆಯ ದಾರಿ. ಎಲ್ಲಿ ತೂತಾದರೂ ನಾಲ್ಕೂ ಹೋದಂತೆಯೇ. ಗುಡ್ಡದ ರಸ್ತೆಯಲ್ಲಿ ಆದುದು ಇದೇ. ಇದಕ್ಕೆ ಪರಿಹಾರ ಜೋಡಿ ಮಾಸ್ಟರ್ ಸಿಲಿಂಡರು. ಒಂದೇ ಕೊಳವೆಯಲ್ಲಿ ಒಂದರ ಹಿಂದೊಂದು ಎರಡು ಪಿಸ್ಟನ್ನುಗಳು, ಎರಡು ಎಣ್ಣೆಯ ಬಟ್ಟಲುಗಳು. ಒಂದು ದಾರಿ ಮುಂಗಾಲಿಗಳಿಗೆ, ಇನ್ನೊಂದು ಹಿಂಗಾಲಿಗಳಿಗೆ. ಒಂದು ಸೋರಿದರೂ ಇನ್ನೊಂದು ಉಳಿಯುತ್ತದೆ. ಅಮೆರಿಕದಲ್ಲಿ ೧೯೬೮ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯವಾಯಿತು. ಹಳೆಯ ಕಾರಿಗೆ ಕೈಹಾಕುವವನು ಬೇರೆ ಏನನ್ನು ಮಾಡದಿದ್ದರೂ ಇದೊಂದನ್ನು ಮಾಡಲೇಬೇಕೆಂದು ಅವನು ಎರಡು ಸಲ ಹೇಳಿದ.

ಎರಡನೆಯದು ಡ್ರಮ್ಮಿಗೆ ಬದಲು ಡಿಸ್ಕ್. ಡ್ರಮ್ಮೆಂದರೆ ಬೋಗುಣಿಯಂತಹ ಲೋಹದ ಪಾತ್ರೆ. ಅದರೊಳಗಿನ ಷೂಗಳು ಹೊರಕ್ಕೆ ಹಿಗ್ಗಿ ಅದರ ಗೋಡೆಯನ್ನು ಉಜ್ಜುತ್ತವೆ. ಬಿಸಿಯಾದಾಗ ಪಾತ್ರೆ ಹಿಗ್ಗಿ ಷೂಗಳಿಂದ ದೂರ ಸರಿಯುತ್ತದೆ. ಷೂಗಳ ಉಜ್ಜುವ ಗುಣವೂ ತಗ್ಗುತ್ತದೆ. ಘಟ್ಟವಿಳಿಯುವಾಗ ಬ್ರೇಕು ಸೋಲುವುದು ಹೀಗೆ. ಡಿಸ್ಕಿನಲ್ಲಾದರೋ ಗಾಲಿಯೊಡನೆ ತಿರುಗುವ ತಟ್ಟೆಯೊಂದನ್ನು ಎರಡು ಕಡೆಯಿಂದ ಕ್ಯಾಲಿಪರ್ ಎಂಬ ಚಿಮಟ ಹಿಡಿಯುತ್ತದೆ. ತಟ್ಟೆ ಬಯಲು ಗಾಳಿಯಲ್ಲಿರುವುದರಿಂದ ಬೇಗ ತಣಿಯುತ್ತದೆ. ಇಂಗ್ಲೆಂಡಿನ ಲಾಂಚೆಸ್ಟರ್ ೧೯೦೨ರಲ್ಲೇ ಇದಕ್ಕೆ ಪೇಟೆಂಟು ಪಡೆದಿದ್ದ. ಜಗತ್ತು ಕಣ್ತೆರೆದು ನೋಡಿದ್ದು ೧೯೫೩ರಲ್ಲಿ, ಡಿಸ್ಕ್ ಬ್ರೇಕು ಹಾಕಿದ ಜಾಗ್ವಾರ್ ಕಾರು ಫ್ರಾನ್ಸಿನ ಲೆ ಮಾನ್ ಪಂದ್ಯವನ್ನು ಗೆದ್ದಾಗ.

ಮೂರನೆಯದು ಸಮತೋಲ. ಸೈಕಲ್ಲಿನಲ್ಲಿ ಮುಂದಿನ ಬ್ರೇಕನ್ನು ಒಮ್ಮೆಗೇ ಹಿಡಿದು ಮುಗ್ಗರಿಸಿದವರು ನಮ್ಮಲ್ಲಿ ಉಂಟು. ಬ್ರೇಕು ಹಿಡಿದೊಡನೆ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಹಿಂಗಾಲಿಗಳು ಹಗುರವಾಗುತ್ತವೆ. ಹಗುರವಾದ ಹಿಂಗಾಲಿಗಳಿಗೆ ಮೊದಲಿನಷ್ಟೇ ಬಿಗಿ ಕೊಟ್ಟರೆ ಅವು ತಿರುಗುವುದನ್ನು ನಿಲ್ಲಿಸಿ ಜಾರುತ್ತವೆ, ಕಾರು ಬುಗುರಿಯಂತೆ ಸುತ್ತುತ್ತದೆ. ಹಿಂದಕ್ಕೆ ಹೋಗುವ ಒತ್ತಡವನ್ನು ಒಂದು ಮಿತಿಯ ಮೇಲೆ ತಗ್ಗಿಸುವ ಸಣ್ಣ ಕವಾಟವನ್ನು ಅಳವಡಿಸುವುದು ಇದಕ್ಕಾಗಿಯೇ. ಹಾಟ್ ರಾಡಿನಲ್ಲಿ ಇನ್ನೊಂದು ವಿಶೇಷವಿದೆ. ಅಂದಕ್ಕಾಗಿ ಹಿಂದೆ ಅಗಲವಾದ ಟೈರು, ಮುಂದೆ ತೆಳುವಾದ ಟೈರು ಹಾಕುವುದು ಅದರ ಸಂಪ್ರದಾಯ. ನಿಲ್ಲಿಸುವ ಹೊರೆಯನ್ನು ಹೆಚ್ಚಾಗಿ ಹೊರಬೇಕಾದುದು ಮುಂಗಾಲಿ, ನೆಲವನ್ನು ಕಡಿಮೆ ಹಿಡಿಯುವುದೂ ಅದೇ! ಎಷ್ಟು ಒಳ್ಳೆಯ ಡಿಸ್ಕ್ ಹಾಕಿದರೂ ನೆಲವನ್ನು ಹಿಡಿಯಬೇಕಾದುದು ಟೈರು.

ಈ ಹಳೆಯ ಕಾರುಗಳಲ್ಲಿ ಮಾಸ್ಟರ್ ಸಿಲಿಂಡರು ಕಾಲಡಿಯ ಹಲಗೆಯ ಕೆಳಗಿರುತ್ತದೆ. ಗಾಲಿಯ ಕ್ಯಾಲಿಪರುಗಳಿಗಿಂತ ತಗ್ಗಿನಲ್ಲಿ. ನೀರು ತಗ್ಗಿಗೆ ಹರಿಯುವಂತೆ ಎಣ್ಣೆಯೂ ಹಿಂದಕ್ಕೆ ಹರಿದುಬಂದು, ಮುಂದಿನ ಸಲ ಪೆಡಲನ್ನು ಎರಡು ಮೂರು ಬಾರಿ ತುಳಿಯಬೇಕಾಗುತ್ತದೆ. ಎದುರಿಗೆ ದನ ಅಡ್ಡ ಬಂದಾಗ ಮೂರು ಸಲ ತುಳಿಯಲು ಹೊತ್ತೆಲ್ಲಿ? ಆದುದರಿಂದ ಕೊಳವೆಯಲ್ಲಿ ಸ್ವಲ್ಪ ಒತ್ತಡವನ್ನು ಸದಾ ಉಳಿಸುವ ಕವಾಟ ಬೇಕು: ಡಿಸ್ಕಿಗೆ ಚದರಂಗುಲಕ್ಕೆ ೨ ಪೌಂಡು, ಡ್ರಮ್ಮಿಗೆ ೧೦ ಪೌಂಡು. ಅದಲುಬದಲಾಗಿ ೧೦ ಪೌಂಡಿನದನ್ನು ಡಿಸ್ಕಿಗೆ ಹಾಕಿದರೆ ಬ್ರೇಕು ಬಿಡದೆ ಹಿಡಿದುಕೊಂಡೇ ಸುಡುತ್ತದೆ. ಕಡೆಯದಾಗಿ, ಎಣ್ಣೆಗೆ ಸಂಬಂಧವಿಲ್ಲದ ಕೈಬ್ರೇಕು. ಆ ದಿನ ಒಂದು ಮಗುವನ್ನು ಉಳಿಸಿದ್ದು ಅದೇ ಎಂಬುದನ್ನು ನಾವು ಮರೆಯಲಾಗದು.

ಚುಕ್ಕಾಣಿಯ ನೀತಿ

ಕಾರು ತಿರುಗುವಾಗ ಒಳಮಗ್ಗುಲ ಗಾಲಿ ಚಿಕ್ಕ ವೃತ್ತದಲ್ಲೂ ಹೊರಮಗ್ಗುಲದು ದೊಡ್ಡ ವೃತ್ತದಲ್ಲೂ ಹೋಗುತ್ತದೆಯಷ್ಟೆ? ಆದುದರಿಂದ ಒಳಗಿನದು ಹೆಚ್ಚು ತಿರುಗಬೇಕು, ಹೊರಗಿನದು ಕಡಿಮೆ. ಮ್ಯೂನಿಕ್ ನಗರದ ಲಾಂಕೆನ್ಸ್‌ಪರ್ಗರ್ ಎಂಬ ಗಾಡಿ ಕಟ್ಟುವವನು ೧೮೧೭ರಲ್ಲಿ ಇದಕ್ಕೊಂದು ಉಪಾಯ ಕಂಡುಹಿಡಿದ. ಅವನ ಪರವಾಗಿ ಲಂಡನ್ನಿನಲ್ಲಿ ೧೮೧೮ರಲ್ಲಿ ಪೇಟೆಂಟು ಪಡೆದ ಆಕರ್‌ಮನ್ ಎಂಬವನ ಹೆಸರು ಅದಕ್ಕೆ ನಿಂತಿತು. ಗಾಲಿಗಳಿಂದ ಹೊರಡುವ ತೋಳುಗಳು ಹಿಂದಿನ ಅಚ್ಚಿನ ನಡುವಿನತ್ತ ಸ್ವಲ್ಪ ಬಾಗಿರಬೇಕೆಂಬುದೇ ಆ ಉಪಾಯ. ಎಂಜಿನಿಗೆ ಎಡೆಮಾಡಲು ಈ ತೋಳುಗಳನ್ನು ಹಿಂದುಮುಂದಾಗಿ ಜೋಡಿಸಿದವರ ಕಾರು ತಿರುವಿನಲ್ಲಿ ಟೈರನ್ನು ತುರಿಯುತ್ತ ಹೋಗುತ್ತದೆ.

ಸೈಕಲ್ಲಿನ ಮುಂದಿನ ಕವೆಯನ್ನು ಪಕ್ಕದಿಂದ ನೋಡಿ. ಅದು ನೆಟ್ಟಗಿಲ್ಲ, ಸವಾರನ ಕಡೆಗೆ ವಾಲಿದೆ. ಕೈಬಿಟ್ಟರೂ ಸೈಕಲ್ಲು ನೇರವಾಗಿ ಹೋಗಲು ಆ ವಾಲುವಿಕೆಯೂ ನೆರವಾಗುತ್ತದೆ. ಕಾರಿನಲ್ಲೂ ಗಾಲಿ ತಿರುಗುವ ಗೂಟ, ಎಂದರೆ ಕಿಂಗ್ ಪಿನ್, ಹೀಗೆಯೇ ಹಿಂದಕ್ಕೆ ವಾಲಿರಬೇಕು. ಇಡೀ ಅಚ್ಚಿನ ಹಳೆಯ ಕಾರಿಗೆ ೫ರಿಂದ ೭ ಡಿಗ್ರಿ ಸರಿಯಾದ ಅಳತೆ. ಅದು ತಗ್ಗಿದರೆ ಕಾರು ರಸ್ತೆಯಲ್ಲಿ ಅಲೆದಾಡುತ್ತದೆ. ಕಿಂಗ್ ಪಿನ್ ಸವೆದಿದ್ದರಂತೂ ಒಂದು ಹಳ್ಳಕ್ಕೆ ಬಿದ್ದೆದ್ದ ಮುಂಗಾಲಿಗಳು ಗಡಗಡನೆ ನಡುಗತೊಡಗಿ ಚಕ್ರವನ್ನೇ ಕೈಯಿಂದ ಕಿತ್ತುಕೊಳ್ಳುತ್ತವೆ.

ಇನ್ನು ಕೈವಾರದ ಕಥೆ. ಜಗಲಿಯ ಮೇಲೆ ಕಾಗದ ಹರಡಿ ನನ್ನ ವಿದ್ಯಾರ್ಥಿ ಒಂದು ಚುಕ್ಕೆಯಿಟ್ಟ. ಒಂದು ಮೊಳೆಯನ್ನು ಕೇಂದ್ರವಾಗಿಟ್ಟು ಆ ಚುಕ್ಕೆಯ ಮೂಲಕ ಒಂದು ಕಂಸ ಎಳೆದ. ಇನ್ನೊಂದು ಕೇಂದ್ರದಿಂದ ಅದೇ ಚುಕ್ಕೆಯ ಮೂಲಕ ಇನ್ನೊಂದು ಕಂಸ. ಚುಕ್ಕೆಯಲ್ಲಿ ಎರಡೂ ಕೂಡಿವೆ. ಮೇಲೆ ಕೆಳಗೆ ಹೋದಂತೆ ಬೇರೆಯಾಗಿವೆ. "ಮೇಷ್ಟ್ರೆ, ಒಂದು ಕಂಸ ಅಚ್ಚಿನದು, ಇನ್ನೊಂದು ಸ್ಟಿಯರಿಂಗಿನ ಸರಳಿನದು. ಗಾಲಿ ಉಬ್ಬಿನ ಮೇಲೆ ಹತ್ತಿದಾಗ ಎರಡೂ ಬೇರೆ ದಾರಿ ಹಿಡಿದರೆ ಏನಾಗುತ್ತದೆ?" ಎಂದು ನನ್ನನ್ನೇ ಕೇಳಿದ. ಪಾಠ ಒಪ್ಪಿಸುವ ಹುಡುಗನಂತೆ ನಾನೆಂದೆ: "ನಾವು ತಿರುಗಿಸದೆಯೇ ಗಾಲಿ ತಿರುಗುತ್ತದೆ." "ಅಷ್ಟೇ ನೋಡಿ. ನಾವು ಒಂದು ಕಡೆ ನೋಡುತ್ತಿರುತ್ತೇವೆ, ರಸ್ತೆಯ ಗುಂಡಿ ಇನ್ನೊಂದು ಕಡೆ ತಿರುಗಿಸುತ್ತದೆ" ಎಂದ. ಮಹಾಭಾರತದಲ್ಲಿ ಕರ್ಣನಿಗೆ ಶಲ್ಯ ಸಾರಥಿಯಾದ ಹಾಗೆಂದು ನನಗೆ ನೆನಪಾಯಿತು. ರಥಿಕನ ಮನಸ್ಸು ಒಂದು, ಸಾರಥಿಯ ಮನಸ್ಸು ಇನ್ನೊಂದು.

ಇದಕ್ಕೆ ಮದ್ದೇನು? ೧೯೩೨ರ ಫೋರ್ಡಿನಲ್ಲಿ ಸ್ಟಿಯರಿಂಗಿನ ಸರಳು ಹಿಂದುಮುಂದಾಗಿ ಚಾಸಿಯ ಎಡಮಗ್ಗುಲಲ್ಲಿ ಹೋಗುತ್ತದೆ. ಈಗಿನವರು ಅದನ್ನು ಬಿಟ್ಟು, ಎಡದಿಂದ ಬಲಕ್ಕೆ ಅಡ್ಡಲಾಗಿ ಹೋಗುವ ಸರಳನ್ನು ಇಡುತ್ತಾರೆ. ೧೯೭೦ರ ದಶಕದ ಷೆವ್ರೊಲೆ ವೇಗಾ ಕಾರಿನ ಚಿಕ್ಕ ಸ್ಟಿಯರಿಂಗ್ ಪೆಟ್ಟಿಗೆ ಇದಕ್ಕೆ ಹೆಸರುವಾಸಿ. ಅಡ್ಡಸರಳು ಅಚ್ಚಿಗೆ ಸಮಾನಾಂತರವಾಗಿ, ಸಾಧ್ಯವಾದಷ್ಟು ಉದ್ದವಾಗಿರಬೇಕು. ಆದರೆ ಅಚ್ಚು ಸ್ಪ್ರಿಂಗಿನ ಕೊಂಡಿಗಳಲ್ಲಿ ಎಡಬಲಕ್ಕೆ ತೂಗಾಡುವುದುಂಟು. ಅಚ್ಚು ಸರಿದಾಡಿದರೆ ಪುನಃ ಗಾಲಿ ತಾನಾಗಿ ತಿರುಗುತ್ತದೆ. ಆದುದರಿಂದ ಅಚ್ಚಿನ ಒಂದು ತುದಿಯಿಂದ ಚಾಸಿಯ ಇನ್ನೊಂದು ಮಗ್ಗುಲಿಗೆ ಪನಾರ್ ಸರಳು ಎಂಬ ಅಡ್ಡಗೂಟವನ್ನು, ಸ್ಟಿಯರಿಂಗಿನ ಅಡ್ಡಸರಳಿಗೆ ಸಮಾನಾಂತರವಾಗಿ ಹಾಕುತ್ತಾರೆ. ಆಗ ಎರಡು ಕಂಸಗಳೂ ಒಂದಾಗುತ್ತವೆ. ಪೆಟ್ಟಿಗೆ ಹಾಕಿ ಈ ಸರಳನ್ನು ಮರೆತವನ ಕೆಲಸ ಅರ್ಧ ಕೆಲಸ.

ಹಳೆಯ ಸ್ಟಿಯರಿಂಗಿನ ಕಂಬ ಒಂದೇ ಉಕ್ಕಿನ ದಂಡ. ಮುಂದಿನಿಂದ ಡಿಕ್ಕಿಯಾದರೆ ಅದು ಈಟಿಯಂತೆ ಸವಾರನ ಎದೆಗೆ ಬರುತ್ತದೆ. ಡಿಕ್ಕಿಯಲ್ಲಿ ಮಡಚಿಕೊಳ್ಳುವ ಕಂಬ ಅಮೆರಿಕದ ಕಾರುಗಳಿಗೆ ೧೯೬೭-೬೮ರಲ್ಲಿ ಬಂತು. ಹೊಸ ಪೆಟ್ಟಿಗೆ ಹಾಕುವಾಗ ಕಂಬವನ್ನೂ ಬದಲಿಸಿ, ನಡುವೆ ಮಡಚುವ ಜಾಯಿಂಟುಗಳನ್ನು ಹಾಕಬೇಕು. ಜಾಯಿಂಟುಗಳು ಮೂರಾದರೆ ಮಧ್ಯದ ದಂಡಕ್ಕೆ ಬೇರಿಂಗಿನ ಆಸರೆ ಇರಲೇಬೇಕು. ಸ್ಟಿಯರಿಂಗಿನ ತೋಳುಗಳನ್ನು ಮನೆಯ ಕುಲುಮೆಯಲ್ಲಿ ಕಾಯಿಸಿ ಬಗ್ಗಿಸುವುದೂ ಮುರಿದುದನ್ನು ಬೆಸುಗೆ ಹಾಕುವುದೂ ಸಲ್ಲದು. ಬಾಗಿಲ ಚಿಲಕ ಕಳಚಿದರೆ ಹಗ್ಗ ಕಟ್ಟಬಹುದು. ಸ್ಟಿಯರಿಂಗಿನ ತೋಳು ಕಳಚಿದರೆ ಕಟ್ಟಲು ಯಾರೂ ಉಳಿಯುವುದಿಲ್ಲ.

ಕಮಾನು, ಅಚ್ಚು ಮತ್ತು ನೆಲ

ಫೋರ್ಡ್ ಕಾರಿನ ಸ್ಪ್ರಿಂಗು ನಮ್ಮ ಲಾರಿಗಳಲ್ಲಿರುವಂತೆ ಉದ್ದುದ್ದಕ್ಕೆ ಇರುವುದಿಲ್ಲ. ಮುಂದೊಂದು ಹಿಂದೊಂದು ಕಮಾನು ಪಟ್ಟಿ, ಎರಡೂ ಅಡ್ಡಲಾಗಿ, ಬಿಲ್ಲಿನಂತೆ ಅಚ್ಚಿನ ಮೇಲೆ ಕೂತಿರುತ್ತವೆ. ಅಚ್ಚು ಹಿಂದಕ್ಕೆ ಮುಂದಕ್ಕೆ ಸರಿಯದಂತೆ ತಡೆಯಲು ಇಕ್ಕಳದಂತಹ ಕವಲುಸರಳೊಂದು ಅಚ್ಚಿನ ಎರಡು ತುದಿಗಳಿಂದ ಹೊರಟು ಹಿಂದೆ ನಡುವಿನ ಒಂದೇ ಗುಂಡಿನಲ್ಲಿ ಕೂಡುತ್ತದೆ. ಒಂದು ಗಾಲಿ ಮೇಲೆದ್ದರೆ ಅಚ್ಚು ಆ ಗುಂಡಿನ ಸುತ್ತ ಸಲೀಸಾಗಿ ಹೊರಳುತ್ತದೆ. ಹಳ್ಳಿಯ ಕಚ್ಚಾ ರಸ್ತೆಗಳಿಗೆ ಇದಕ್ಕಿಂತ ಜಾಣ ಏರ್ಪಾಟು ಬೇಕಿರಲಿಲ್ಲ.

ದೊಡ್ಡ ಎಂಜಿನು ಬಂದಾಗ ಆ ನಡುವಿನ ಗುಂಡಿಗೆ ಜಾಗವಿಲ್ಲದಾಯಿತು. ಕವಲನ್ನು ಸೀಳಿ ಎರಡು ತುದಿಗಳನ್ನೂ ಚಾಸಿಯ ಎರಡು ಮಗ್ಗುಲಿಗೆ ಕಟ್ಟಿದರು. ಈಗ ಒಂದು ಗಾಲಿ ಮೇಲೆದ್ದರೆ ಅಚ್ಚೇ ತಿರುಚಿಕೊಳ್ಳಬೇಕು. ಮೂಲದ ಅಚ್ಚು 'ಐ' ಅಕ್ಷರದ ಆಕಾರದ್ದು. ಅದು ಸ್ವಲ್ಪ ತಿರುಚಿಕೊಳ್ಳಬಲ್ಲದು, ಸಹಿಸುತ್ತದೆ. ನೋಟಕ್ಕೆ ಚೆಂದವೆಂದು ಕೊಳವೆಯ ಅಚ್ಚನ್ನು ಹಾಕಿದರೆ ಅದು ತಿರುಚಿಕೊಳ್ಳದು. ಎಲ್ಲಿಯೋ ಒಂದು ಕಡೆ ಬಿರುಕು ಬಿಡುತ್ತದೆ. ಕೊಳವೆಯ ಅಚ್ಚಿಗೆ ಪ್ರತಿ ಮಗ್ಗುಲಲ್ಲೂ ಮೇಲೊಂದು ಕೆಳಗೊಂದು ಸಮಾನಾಂತರ ಸರಳುಗಳನ್ನು, ಒಟ್ಟು ನಾಲ್ಕನ್ನು, ಹಾಕುವ ಪದ್ಧತಿ ಬಂದುದು ಇದಕ್ಕೆ. ಆಗ ಅಚ್ಚು ತಿರುಚಿಕೊಳ್ಳದೆಯೇ ಏರಿ ಇಳಿಯುತ್ತದೆ, ಕಿಂಗ್ ಪಿನ್ನಿನ ವಾಲುವಿಕೆಯೂ ಕೆಡುವುದಿಲ್ಲ. ಚಾಸಿಯ ತೊಲೆಗಳೂ ಅಷ್ಟೆ: ಮೂಲದಲ್ಲಿ ಅವು ಮೂರು ಮಗ್ಗುಲಿನ ದೋಣಿಯಂತಹವು, ನಾಲ್ಕನೆಯ ಮಗ್ಗುಲಿಗೂ ತಗಡು ಬೆಸೆದು ಪೆಟ್ಟಿಗೆಯಾಗಿಸಿದರೆ ಹೊಸ ಎಂಜಿನಿನ ಸೆಳೆತಕ್ಕೆ ಅವು ತಿರುಚುವುದಿಲ್ಲ.

ಸ್ಪ್ರಿಂಗು ಪೆಟ್ಟನ್ನು ನುಂಗುತ್ತದೆ, ಆದರೆ ಜೀರ್ಣಿಸಿಕೊಳ್ಳುವುದಿಲ್ಲ, ಮತ್ತೆ ಉಗುಳುತ್ತದೆ. ಆ ತೂಗಾಟವನ್ನು ಅಡಗಿಸುವುದು ಶಾಕ್ ಅಬ್ಸಾರ್ಬರ್. ಅದರೊಳಗೆ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಸುಳುವಾಗ ತೂಗಾಟ ಬಿಸಿಯಾಗಿ ಕರಗುತ್ತದೆ. ಹಳೆಯ ತೋಳಿನ ಬಗೆಯವನ್ನು ತೆಗೆದು ಈಗಿನ ಕೊಳವೆಯವನ್ನು ಹಾಕುವುದು ಸುಲಭವೂ ಲಾಭವೂ ಆದ ಕೆಲಸ. ಕಮಾನಿನ ಪಟ್ಟಿಗಳ ನಡುವೆ ಪ್ಲಾಸ್ಟಿಕ್ಕಿನ ತೆಳು ಹಾಳೆಯಿಟ್ಟರೆ ಅವು ಒಂದನ್ನೊಂದು ಕಚ್ಚದೆ ಸರಾಗವಾಗಿ ಜಾರುತ್ತವೆ.

ಇನ್ನೂ ಮುಂದೆ ಹೋಗುವವರು ಹಳೆಯ ಅಚ್ಚನ್ನೇ ತೆಗೆದು, ೧೯೭೪ರಿಂದ ೧೯೭೮ರವರೆಗೆ ಬಂದ ಎರಡನೆಯ ಮಸ್ಟಾಂಗ್ ಕಾರಿನ ಮಾದರಿಯಲ್ಲಿ ಎರಡು ಗಾಲಿಗಳಿಗೂ ಬೇರೆ ಬೇರೆ ಸ್ಪ್ರಿಂಗು, ಹಲ್ಲುಪಟ್ಟಿಯ ಸ್ಟಿಯರಿಂಗು, ಡಿಸ್ಕ್ ಬ್ರೇಕು ಎಲ್ಲವನ್ನೂ ಒಟ್ಟಿಗೆ ಕೂರಿಸುತ್ತಾರೆ. ಪ್ರಯಾಣ ಸುಖಕರವಾಗುತ್ತದೆ, ಹಳೆಯ ಕಾರಿನ ಮುಖ ಮಾತ್ರ ಬದಲಾಗುತ್ತದೆ. ನನ್ನ ವಿದ್ಯಾರ್ಥಿ ಅಚ್ಚನ್ನು ಉಳಿಸಿಕೊಂಡ. "ಅದನ್ನು ತೆಗೆದರೆ ಅದು ೧೯೩೨ರ ಕಾರು ಎಂದು ಹೇಗೆ ಹೇಳಲಿ?" ಎಂಬುದು ಅವನ ಮಾತು. ಹಳಗನ್ನಡ ಪದ್ಯವನ್ನು ಹೊಸಗನ್ನಡಕ್ಕೆ ತಿರುಗಿಸಿಕೊಟ್ಟು ಮೂಲವನ್ನು ಮರೆಸುವವರನ್ನು ಕಂಡಿರುವ ನನಗೆ ಆ ಮಾತು ಹಿಡಿಸಿತು.

ಕಾರನ್ನು ಅಂದಕ್ಕಾಗಿ ತೀರ ತಗ್ಗಿಸುವವರೂ 'ಗಾಲಿಯ ಕಬ್ಬಿಣದ ಅಂಚಿಗಿಂತ ಕೆಳಗೆ ಬೇರೆ ಯಾವ ಭಾಗವೂ ಇಳಿದಿರಬಾರದು' ಎಂಬ ಒಂದು ನಿಯಮವನ್ನು ಮೀರಬಾರದು. ಟೈರು ಒಡೆದ ಗಳಿಗೆಯಲ್ಲಿ ಸ್ಟಿಯರಿಂಗಿನ ಸರಳೋ ಬ್ರೇಕಿನ ಕೊಳವೆಯೋ ನೆಲಕ್ಕೆ ತಾಗಿದರೆ ಮುಂದಿನದನ್ನು ಹೇಳಬೇಕಾಗಿಲ್ಲ.

ಗಮನಿಸಿ, ಈ ಮೂರು ಅಂಗಗಳೂ ಒಂದರ ಕೈಯನ್ನೊಂದು ಹಿಡಿದುಕೊಂಡಿವೆ. ಕಾರನ್ನು ಎರಡಂಗುಲ ತಗ್ಗಿಸಿದರೆ ಸ್ಟಿಯರಿಂಗಿನ ಸರಳಿನ ಕೋನ ಕೆಡುತ್ತದೆ. ಡಿಸ್ಕ್ ಹಾಕಿದರೆ ಗಾಲಿ ಹೊರಕ್ಕೆ ಸರಿದು, ತಿರುಗಿಸುವಾಗ ಮಡ್‌ಗಾರ್ಡಿಗೆ ಉಜ್ಜಬಹುದು. ಒಂದನ್ನು ಮುಟ್ಟಿದವನು ಮೂರನ್ನೂ ಅಳೆಯಬೇಕು.

ನಮಗೇನು ಸಂಬಂಧ?

ನಮ್ಮ ದೇಶದಲ್ಲಿ ಕಾರನ್ನು ಹೀಗೆ ಮಾರ್ಪಡಿಸಲು ಕಾನೂನಿನ ಅಡ್ಡಿಯಿದೆ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಪ್ರಕರಣ, ತಯಾರಕರು ಗೊತ್ತುಮಾಡಿದ ಮೂಲ ವಿವರಗಳಿಗೆ ಬೇರೆಯಾಗುವಂತೆ ವಾಹನವನ್ನು ಬದಲಿಸುವುದನ್ನು ತಡೆಯುತ್ತದೆ. ೫೦ ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು ೨೦೨೧ರಲ್ಲಿ ಬಂದ ನಿಯಮಗಳೂ ಚಾಸಿ, ಎಂಜಿನುಗಳು ಹೆಚ್ಚು ಬದಲಾಗಿರಬಾರದೆಂದೇ ವಿಧಿಸಿವೆ. ಹಳೆಯ ಕಾರುಗಳು ಮೂಲರೂಪದಲ್ಲಿ ಹೇಗಿದ್ದವೆಂದು ನೋಡುವ ಆಸೆಯುಳ್ಳವರು ಧರ್ಮಸ್ಥಳಕ್ಕೆ ಹೋದಾಗ ಮಂಜೂಷಾ ವಸ್ತುಸಂಗ್ರಹಾಲಯದ ಕಾರುಗಳನ್ನು ತಪ್ಪದೆ ನೋಡಬಹುದು. ಬಾನೆಟ್ಟಿಗಿಂತ ಹೆಚ್ಚಾಗಿ ಬಗ್ಗಿ ಗಾಲಿಯ ಹಿಂಬದಿಯನ್ನು ನೋಡಿ.

ಆದರೆ ನಾನು ಹೇಳಹೊರಟ ಮಾತು ಹಾಟ್ ರಾಡಿಗಷ್ಟೇ ಸೇರಿದ್ದಲ್ಲ. ತಮ್ಮ ಮನೆಯ ಮುಂದೆ ನಿಂತಿರುವ ಕಾರೂ ಸ್ಕೂಟರೂ ಇದೇ ನಿಯಮಗಳಿಗೆ ಒಳಪಟ್ಟಿವೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ಹಳತಾದಂತೆ ಅದು ಕಡಿಮೆ ಬಿಸಿಗೇ ಕುದಿಯುತ್ತದೆ, ಕುದಿದರೆ ಪೆಡಲು ಸೋಲುತ್ತದೆ. ಆದುದರಿಂದ ಕಾರಿನೊಡನೆ ಬಂದ ಪುಸ್ತಕದಲ್ಲಿ ಹೇಳಿದ ಅವಧಿಗೆ ಅದನ್ನು ಬದಲಿಸಬೇಕು. ಪೆಡಲನ್ನು ತುಳಿದು ಹಿಡಿದಾಗ ಮೆಲ್ಲಗೆ ಕೆಳಗಿಳಿಯುತ್ತಿದ್ದರೆ, ಬ್ರೇಕು ಹಿಡಿದಾಗ ಕಾರು ಒಂದು ಪಕ್ಕಕ್ಕೆ ಎಳೆದರೆ, ಸ್ಟಿಯರಿಂಗು ನಡುಗಿದರೆ, ಗಾಲಿಯ ಬಳಿ ಎಣ್ಣೆಯ ಕಲೆ ಕಂಡರೆ, ಆ ದಿನ ಬಸ್ಸಿನಲ್ಲಿ ಹೋಗುವುದು ಒಳ್ಳೆಯದು. ಘಟ್ಟವಿಳಿಯುವಾಗ ಕೆಳಗಿನ ಗೇರಿನಲ್ಲಿ ಇಳಿಯಬೇಕು. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯಬಾರದು. ಹೊಸ ಹಾಡಿನ ಪೆಟ್ಟಿಗೆ, ಹೊಸ ಸೀಟಿನ ಹೊದಿಕೆಗಳಿಗೆ ಖರ್ಚುಮಾಡುವ ಮೊದಲು ಟೈರನ್ನೂ ಬ್ರೇಕನ್ನೂ ನೋಡುವ ಯಜಮಾನನೇ ಬುದ್ಧಿವಂತ.

ಕಠೋಪನಿಷತ್ತು ಶರೀರವನ್ನು ರಥಕ್ಕೂ ಇಂದ್ರಿಯಗಳನ್ನು ಕುದುರೆಗಳಿಗೂ ಹೋಲಿಸುತ್ತದೆ. ಆ ರೂಪಕದಲ್ಲಿ ಕುದುರೆಗಳ ಬಲವನ್ನು ಯಾರೂ ಕೊಂಡಾಡುವುದಿಲ್ಲ. ಮಾತೆಲ್ಲ ಲಗಾಮಿನದು, ಸಾರಥಿಯದು. ಇದನ್ನು ನಾನು ಮೂವತ್ತು ವರ್ಷಗಳಿಂದ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ಅದರ ಅರ್ಥ ಕೈಗೆ ಸಿಕ್ಕಿದ್ದು ಮಾತ್ರ ಜಗಲಿಯ ಮೇಲೆ, ಕೈವಾರದ ಎರಡು ಕಂಸಗಳನ್ನು ನೋಡಿದಾಗ.

ಮೊನ್ನೆ ಅವನಿಂದ ಕಾಗದ ಬಂತು. ಕೆಲಸ ಮುಗಿದ ಮೇಲೆ ಬರಿಯ ಅಂಗಳದಲ್ಲಿ ಹತ್ತು ಮೈಲಿ ವೇಗದಿಂದ ಮೊದಲುಮಾಡಿ, ದಿನದಿನಕ್ಕೆ ಹೆಚ್ಚಿಸುತ್ತ, ಒಂದು ತಿಂಗಳು ಒಬ್ಬನೇ ಪರೀಕ್ಷೆ ನಡೆಸಿದನಂತೆ. ಆಮೇಲೆ ಅದೇ ಗುಡ್ಡದ ರಸ್ತೆಗೆ ಹೋಗಿ, ಅದೇ ದಿಬ್ಬದ ಬಳಿ ಬೇಕೆಂದೇ ಬ್ರೇಕು ಹಿಡಿದ. ಕಾರು ನೇರವಾಗಿ, ಸದ್ದಿಲ್ಲದೆ ನಿಂತಿತು. ಮುಂದಿನ ಭಾನುವಾರ ಮಗಳನ್ನು ಕರೆದುಕೊಂಡು ಹೋದ. ಅವಳಿಗೆ ಈಗ ಒಂಬತ್ತು ವರ್ಷ. ಈ ಸಲ ದಿಬ್ಬಕ್ಕೆ ಗಾಲಿ ಉಜ್ಜಲಿಲ್ಲವೆಂದು ಅವಳಿಗೆ ಬೇಸರವಾಯಿತಂತೆ.